ಸ್ಟೂಲ್ ಮೇಷ್ಟ್ರು ಮತ್ತು ಕೆಳಗಿನ ಹಾಸಿಗೆ ಅಂಗಡಿ

ಸ್ಟೂಲ್ ಮೇಷ್ಟ್ರು ಪಾಠ ಮಾಡುತ್ತಿದ್ದದ್ದು ಕಣ್ಣು ಮುಚ್ಚಿಕೊಂಡು. ಜಿಮ್ಮಿಗೆ ಹೊಸದಾಗಿ ಸೇರಿದವರು ಮೊದಲ ದಿನ ಇದನ್ನು ನೋಡಿ, ಈ ಮನುಷ್ಯ ನಿಂತಲ್ಲೇ ನಿದ್ದೆ ಹೊಡೆಯುತ್ತಿದ್ದಾನೆ ಎಂದುಕೊಂಡು, ಬಂದ ದಾರಿಗೆ ಸುಂಕವಿಲ್ಲ ಎಂದು ಮೆಟ್ಟಿಲಿಳಿಯಲು ನೋಡುತ್ತಿದ್ದರು. ಅಷ್ಟರಲ್ಲಿ ಮೇಷ್ಟ್ರು ಕಣ್ಣು ಬಿಡದೆಯೇ, "ಧೊಪ್ ಅಂತು. ಲೆಕ್ಕಕ್ಕಿಲ್ಲ. ಇನ್ನೊಂದ್ಸಲ" ಎಂದು ಯಾರಿಗೋ ಹೇಳುತ್ತಿದ್ದರು. ಅವರು ಕಿವಿಗೊಟ್ಟು ಕೇಳುತ್ತಿದ್ದದ್ದು ಕುಂಡೆಯ ಸದ್ದನ್ನು. ಮರ್ಯಾದಸ್ಥರು ಬೇಕಾದರೆ ಪೃಷ್ಠ ಎಂದು ಓದಿಕೊಳ್ಳಲಿ, ಸದ್ದಿನಲ್ಲಿ ವ್ಯತ್ಯಾಸವೇನಿಲ್ಲ.

ಅವರ ಹತ್ತಿರ ಮೂರು ಮರದ ಸ್ಟೂಲುಗಳಿದ್ದವು. ಮುಚ್ಚಿಹೋದ ಯಾವುದೋ ಕ್ಯಾಂಟೀನಿನಿಂದ ತಂದು, ತಾವೇ ಗರಗಸ ಹಿಡಿದು ಕಾಲು ಕೊಯ್ದು, ಒಂದಕ್ಕಿಂತ ಒಂದನ್ನು ಗಿಡ್ಡ ಮಾಡಿದ್ದರು. ಎತ್ತರದ್ದರ ಹೆಸರು ದೊಡ್ಡಣ್ಣ, ಆಮೇಲಿನದು ನಡುವಣ್ಣ, ಕೊನೆಯದು ಕುಳ್ಳ. ಬ್ಯಾಂಕ್ ಮ್ಯಾನೇಜರ್ ಬರಲಿ, ಲಾರಿ ಡ್ರೈವರ್ ಬರಲಿ, ಮೊದಲು ದೊಡ್ಡಣ್ಣನಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಪಾದ ಭುಜದಷ್ಟು ಅಗಲ, ಕಾಲ್ಬೆರಳು ಸ್ವಲ್ಪ ಹೊರಕ್ಕೆ. ಮಂಡಿ ಒಳಕ್ಕೆ ಮಡಚದೆ ಬೆರಳು ತೋರಿಸುವ ದಿಕ್ಕಿಗೇ ಹೋಗಬೇಕು, ಹಿಮ್ಮಡಿ ನೆಲ ಬಿಡಬಾರದು, ಎದೆ ಮುಂದಕ್ಕೆ ಕುಸಿಯಬಾರದು. ಹೊಟ್ಟೆ ತುಂಬ ಉಸಿರು ತೆಗೆದುಕೊಂಡು ಬಿಗಿಹಿಡಿದು, ನಿಧಾನವಾಗಿ ಇಳಿದು, ಸ್ಟೂಲಿಗೇ ಗೊತ್ತಾಗದ ಹಾಗೆ ಅದರ ಮೇಲೆ ಕೂತು ಏಳಬೇಕು. ಸದ್ದು ಬಂದರೆ ಇಳಿದದ್ದಲ್ಲ, ಬಿದ್ದದ್ದು. ಹದಿನೈದು ಸಲ ಸದ್ದಿಲ್ಲದೆ ಕೂತೆದ್ದವರಿಗೆ ನಡುವಣ್ಣ. ನಡುವಣ್ಣನನ್ನು ದಾಟಿದವರಿಗೆ ಕುಳ್ಳ. ಕುಳ್ಳನನ್ನೂ ಗೆದ್ದವರ ಹೆಗಲಿಗೆ ಪ್ಲೇಟು ಹಾಕದ ಇಪ್ಪತ್ತು ಕೆಜಿಯ ಖಾಲಿ ರಾಡು.

ಇದಕ್ಕೆಲ್ಲ ಕೆಲವರಿಗೆ ಮೂರು ವಾರ ಹಿಡಿಯುತ್ತಿತ್ತು, ಕೆಲವರಿಗೆ ಮೂರು ತಿಂಗಳು. ಸಿನಿಮಾ ಹೀರೋ ಆಗಬೇಕೆಂದು ಬಂದವರು ಮೂರನೆಯ ದಿನಕ್ಕೇ ಕಾಲು ಕೀಳುತ್ತಿದ್ದರು. ಉಳಿದವರು ನಲವತ್ತು ದಾಟಿದ ಜನ. ಕಾಯಿಲೆ ಕಸಾಲೆ ಏನಿಲ್ಲ, ಆದರೆ ಕೂತರೆ ಏಳುವಾಗ ಕೈಗೆ ಮೇಜೋ ಹೆಂಡತಿಯ ಹೆಗಲೋ ಬೇಕು. ಇಂಥವರ ಮೇಲೆ ಮೇಷ್ಟ್ರಿಗೆ ಅಪಾರ ಪ್ರೀತಿ. ದಿನ ಬಿಟ್ಟು ದಿನ ಬನ್ನಿ, ಇನ್ನೂ ಎರಡು ಸಲ ಏಳುವ ಶಕ್ತಿ ಇರುವಾಗಲೇ ನಿಲ್ಲಿಸಿ, ಭಾರ ಹೆಚ್ಚಿಸುವುದಾದರೆ ಇದ್ದುದರಲ್ಲಿ ಅತಿ ಚಿಕ್ಕ ಪ್ಲೇಟು ಮಾತ್ರ ಹಾಕಿ ಎಂದು ದೇವರ ಹೆಸರಿನಂತೆ ದಿನಾ ಜಪಿಸುತ್ತಿದ್ದರು.

ಆದರೆ ಮೇಷ್ಟ್ರ ನಿಜವಾದ ಹುಚ್ಚು ಸ್ಟೂಲಲ್ಲ. ರಾಡು ಹೆಗಲೇರಿದ ದಿನ ಬೇರೆ ಜಿಮ್ಮುಗಳಲ್ಲಿ ಎತ್ತುವುದು ಕಲಿಸುತ್ತಾರೆ. ಇವರು ಬಿಡುವುದು ಕಲಿಸುತ್ತಿದ್ದರು. ಕಬ್ಬಿಣದ ಸ್ಟ್ಯಾಂಡಿಗೆ ಎರಡೂ ಪಕ್ಕದಲ್ಲಿ ಅಡ್ಡಕಂಬಿಗಳಿದ್ದವು. ಮನುಷ್ಯ ಪೂರ್ತಿ ಕೂತಾಗ ರಾಡು ಎಷ್ಟು ಕೆಳಗಿರುತ್ತದೋ ಅದಕ್ಕಿಂತ ಎರಡು ಬೆರಳು ಕೆಳಗೆ ಆ ಕಂಬಿಗಳನ್ನು ಸಿಕ್ಕಿಸಿ, ಮೇಷ್ಟ್ರು ಶಿಷ್ಯನಿಗೆ ಹೇಳುತ್ತಿದ್ದರು: ಈಗ ಇಳಿ, ಅರ್ಧ ಏಳು, ಏಳಕ್ಕಾಗಲಿಲ್ಲ ಅಂದುಕೋ, ಹಾಗೇ ವಾಪಸು ಇಳಿದು ರಾಡನ್ನು ಕಂಬಿಗೆ ಒಪ್ಪಿಸಿ ಮುಂದಕ್ಕೆ ನುಸುಳಿ ಹೊರಗೆ ಬಾ. ಹತ್ತು ಸಲ. ಧಡಾರ್, ಧಡಾರ್. ಗಂಡಸರಿಗೆ ಇದು ಸುತರಾಂ ಹಿಡಿಸುತ್ತಿರಲಿಲ್ಲ. ಎತ್ತುವ ಮುಂಚೆಯೇ ಸೋಲುವುದನ್ನು ಯಾರಾದರೂ ಕಲಿಯುತ್ತಾರೆಯೇ ಎಂದು ಗೊಣಗುತ್ತಿದ್ದರು. ಕಲಿಯದೆ ರಾಡು ಮುಟ್ಟುವಂತಿಲ್ಲ ಎಂದು ಮೇಷ್ಟ್ರು ಅವರನ್ನು ಮತ್ತೆ ಕುಳ್ಳನ ಹತ್ತಿರ ಕಳಿಸುತ್ತಿದ್ದರು.

ಈ ಧಡಾರ್‌ಗಳೆಲ್ಲ ಹೋಗಿ ಬೀಳುತ್ತಿದ್ದದ್ದು ಕೆಳಗಿನ ಹಾಸಿಗೆ ಅಂಗಡಿಯವರ ತಲೆಯ ಮೇಲೆ. ಜಿಮ್ಮು ಇದ್ದದ್ದು ಮೊದಲನೆಯ ಮಹಡಿಯಲ್ಲಿ, ಇಪ್ಪತ್ತೆರಡು ಕಡಿದಾದ ಮೆಟ್ಟಿಲು ಹತ್ತಿ ಹೋಗಬೇಕು. ಅದರ ಕೆಳಗೆ ನೆಮ್ಮದಿಯ ನಿದ್ದೆ ಮಾರುವುದನ್ನೇ ಕಸುಬು ಮಾಡಿಕೊಂಡ ಒಬ್ಬ ಮನುಷ್ಯ. ದಪ್ಪ ಕನ್ನಡಕ, ಸಣ್ಣ ದನಿ, ದೊಡ್ಡ ಸಿಟ್ಟು. ಗಿರಾಕಿಯನ್ನು ಹಾಸಿಗೆಯ ಮೇಲೆ ಮಲಗಿಸಿ, ಕಣ್ಣು ಮುಚ್ಚಿ ನೋಡಿ ಸಾರ್, ಹೇಗೆ ತೇಲಿಸುತ್ತೆ ಎನ್ನುವ ಹೊತ್ತಿಗೆ ಸರಿಯಾಗಿ ಸೂರಿನ ಮೇಲೆ ಸಿಡಿಲು. ಒಬ್ಬ ಗಿರಾಕಿಯಂತೂ ಚಪ್ಪಲಿ ಬಿಟ್ಟು ಓಡಿಹೋದವನು ಚಪ್ಪಲಿಗೂ ವಾಪಸು ಬರಲಿಲ್ಲವಂತೆ. ಅಂಗಡಿಯವರು ಒಂದು ಉದ್ದ ಕೋಲಿನ ತುದಿಗೆ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದರು. ಮೇಲೆ ಒಂದು ಧಡಾರ್ ಆದರೆ ಕೆಳಗಿನಿಂದ ಮೂರು ಧಪ್ ಧಪ್ ಧಪ್. ಆರು ವರ್ಷ ಇವರ ನಡುವೆ ನಡೆದ ಮಾತುಕತೆ ಇಷ್ಟೇ.

ಜಿಮ್ಮಿನ ಯಜಮಾನ ಮೇಷ್ಟ್ರ ಹೆಂಡತಿಯ ತಮ್ಮ. ಮೂವತ್ತೆಂಟರ ಪ್ರಾಯ, ತೋಳಿಗೆ ಇದ್ದ ಗತ್ತು ಕಾಲಿಗೆ ಇರಲಿಲ್ಲವಾದ್ದರಿಂದ ಸದಾ ದೊಗಳೆ ಪ್ಯಾಂಟು. ಸ್ನಾನದ ಕೋಣೆಯ ನಲ್ಲಿ ಸೋರುತ್ತಿದ್ದರೂ ಗೋಡೆ ತುಂಬ ಕನ್ನಡಿ ಹಾಕಿಸಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಮೇಷ್ಟ್ರು ಗೊಣಗಿದರೆ, ಕನ್ನಡಿ ನೋಡಕ್ಕೇ ಭಾವ ಜನ ಬರೋದು, ನಿಮ್ಮ ಸ್ಟೂಲ್ ನೋಡಕ್ಕಲ್ಲ ಎನ್ನುತ್ತಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಇಬ್ಬರೂ ಸೇರಿ ಜಿಮ್ಮು ನಡೆಸುತ್ತಿದ್ದರು. ಹಾಗೆಂದು ಅವನು ಕೆಟ್ಟವನಲ್ಲ. ಐವತ್ತೆರಡರ ಭಾವನಿಗೆ ಬೇರೆ ಎಲ್ಲೂ ಕೆಲಸ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಗೊತ್ತಿದೆ ಎಂದು ಒಂದು ದಿನವೂ ಆಡಿ ತೋರಿಸಿದವನಲ್ಲ.

ಹೀಗಿರುವಾಗ ಕಟ್ಟಡದ ಒಡೆಯರಿಂದ ಒಂದು ಕಾಗದ ಬಂತು. ಹಾಸಿಗೆ ಅಂಗಡಿಯವರು ದೂರು ಕೊಟ್ಟಿದ್ದಾರೆ, ಇನ್ನೊಂದು ಸಲ ಮೇಲಿನಿಂದ ಭಾರ ಬಿದ್ದ ಸದ್ದು ಬಂದರೆ ತಿಂಗಳ ಕೊನೆಗೆ ಜಾಗ ಖಾಲಿ ಮಾಡಬೇಕು. ಭಾಮೈದ ಕಾಗದವನ್ನು ಎರಡು ಸಲ ಓದಿ ಮೇಷ್ಟ್ರ ಮುಂದೆ ಹಿಡಿದ. ಡಂಬೆಲ್ಲನ್ನು ಮೆತ್ತಗೆ ಇಡಿ ಎಂದು ಹುಡುಗರಿಗೆ ತಾನು ಹೇಳುತ್ತೇನೆ, ಭಾವ ಮಾತ್ರ ಆ ಬಿಡುವ ಪಾಠ ಇವತ್ತಿಗೇ ನಿಲ್ಲಿಸಬೇಕು ಎಂದ. ಮೇಷ್ಟ್ರು ಗೋಡೆಯ ಗಡಿಯಾರ ನೋಡಿದರು, ಕಿಟಕಿ ನೋಡಿದರು, ಆಮೇಲೆ ಆಗಲಿ ಎಂದರು. ಆವತ್ತು ಅವರಿಗೆ ತಮ್ಮ ಮೇಲೆ ಬಂದಷ್ಟು ಹೇಸಿಗೆ ಬೇರೆ ಯಾವತ್ತೂ ಬಂದಿರಲಿಲ್ಲ.

ಯಾಕೆಂದು ತಿಳಿಯಬೇಕಾದರೆ ಇಪ್ಪತ್ತೇಳು ವರ್ಷ ಹಿಂದಕ್ಕೆ ಹೋಗಬೇಕು. ಆಗ ಮೇಷ್ಟ್ರಿಗೆ ಇಪ್ಪತ್ತೈದು, ಮದುವೆಯಾಗಿ ನಾಲ್ಕು ತಿಂಗಳು. ಭಾರ ಎತ್ತುವ ಒಂದು ಪಂದ್ಯ. ಹೊಸ ಹೆಂಡತಿಯನ್ನು ಕರೆದುಕೊಂಡು ಹೋಗಿ ಮೂರನೆಯ ಸಾಲಿನಲ್ಲಿ ಕೂರಿಸಿದ್ದರು. ಹೆಂಡತಿ ನೋಡುತ್ತಿದ್ದಾಳೆಂದು, ಅದುವರೆಗೆ ಎತ್ತಿದ್ದಕ್ಕಿಂತ ಇಪ್ಪತ್ತು ಕೆಜಿ ಹೆಚ್ಚು ಹಾಕಿಸಿದರು. ಇಳಿದರು, ಅರ್ಧ ಎದ್ದರು, ಅಲ್ಲೇ ಸಿಕ್ಕಿಕೊಂಡರು. ಅವರಿಗೆ ಕಲಿಸಿದ ಉಸ್ತಾದರು ಎದುರಿಗೆ ನಿಂತು, ಬಿಡಬೇಡ, ಬಿಡಬೇಡ ಎಂದು ಅರಚುತ್ತಿದ್ದರು. ಇವರು ಬಿಡಲಿಲ್ಲ. ಬೆನ್ನಿನಲ್ಲಿ ಏನೋ ಹರಿದ ಹಾಗಾಯಿತು. ಮೂರು ತಿಂಗಳು ಹಲಗೆಯ ಮೇಲೆ ಮಲಗಿದರು. ಉಣಿಸಿದ್ದು, ಮಗ್ಗುಲು ಬದಲಿಸಿದ್ದು, ಬೆಡ್‌ಪ್ಯಾನ್ ಹಿಡಿದದ್ದು ಎಲ್ಲ ನಾಲ್ಕು ತಿಂಗಳ ಹಳೆಯ ಹೆಂಡತಿ. ಬೆನ್ನು ವಾಸಿಯಾಯಿತು, ಡಾಕ್ಟರು ಏನು ಬೇಕಾದರೂ ಮಾಡು ಎಂದರು. ಮೇಷ್ಟ್ರು ಮಾತ್ರ ಮತ್ತೆ ರಾಡಿನ ಕೆಳಗೆ ತಲೆ ಕೊಡಲಿಲ್ಲ. ಕೇಳಿದವರಿಗೆ ಬೈಕಿನಿಂದ ಬಿದ್ದೆ ಎಂದರು. ಆ ಕಾಲದಲ್ಲಿ ಅವರಿಗೆ ಸೈಕಲ್ ಸಹ ಇರಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಅದಕ್ಕೇ ಆ ಅಡ್ಡಕಂಬಿ, ಅದಕ್ಕೇ ಆ ಬಿಡುವ ಪಾಠ. ತಮಗೆ ಯಾರೂ ಕಲಿಸದ ಒಂದೇ ಒಂದು ವಿದ್ಯೆಯನ್ನು ಅವರು ಊರಿಗೆಲ್ಲ ಕಲಿಸುತ್ತಿದ್ದರು, ಈಗ ಅದನ್ನೇ ಒಂದು ಕಾಗದಕ್ಕೆ ಹೆದರಿ ನಿಲ್ಲಿಸಿದ್ದರು.

ನಿಲ್ಲಿಸಿದ ವಾರವೇ ಹೆಡ್‌ಮಿಸ್ಸಿಗೆ ರಾಡು ಹೊರುವ ಸರದಿ ಬಂತು. ಆಕೆ ನಿವೃತ್ತ ಮುಖ್ಯೋಪಾಧ್ಯಾಯಿನಿ, ಐವತ್ತೊಂಬತ್ತು, ರಕ್ತ ಹೃದಯ ಎಲ್ಲ ಸರಿ ಎಂಬ ಡಾಕ್ಟರ ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಸಿಕೊಂಡು ಬಂದಿದ್ದರು. ಮೊದಲ ದಿನ ದೊಡ್ಡಣ್ಣನ ಮೇಲೆ ಕೂತೇಳುವಾಗ ಅವರಿಗೆ ನಗು ತಡೆಯಲಾಗಲಿಲ್ಲ. ಮೂವತ್ತೈದು ವರ್ಷ ತಾವು ಮಕ್ಕಳಿಗೆ ಶಿಕ್ಷೆ ಎಂದು ಹೊಡೆಸಿದ ಬಸ್ಕಿಗಳನ್ನೆಲ್ಲ ಈಗ ಬಡ್ಡಿ ಸಮೇತ ತಾವೇ ಹೊಡೆಯುತ್ತಿದ್ದೇನೆ ಎಂದರು. ಅವರ ಹತ್ತಿರ ಅಂಚು ಗೆರೆ ಹಾಕಿದ ಒಂದು ನೋಟ್‌ಬುಕ್ ಇತ್ತು. ಮೇಷ್ಟ್ರು ಹೇಳಿದ್ದನ್ನೆಲ್ಲ ಅದರಲ್ಲಿ ಬರೆದುಕೊಂಡು, ಮಾಡಿ ಮುಗಿಸಿದ್ದಕ್ಕೆ ಕೆಂಪು ಶಾಯಿಯಲ್ಲಿ ತಾವೇ ಸರಿ ಗುರುತು ಹಾಕುತ್ತಿದ್ದರು. ಎರಡೂವರೆ ತಿಂಗಳಲ್ಲಿ ಕುಳ್ಳನೂ ಬಾಯಿ ಮುಚ್ಚಿಕೊಂಡ. ರಾಡು ಹೆಗಲಿಗೆ ಬಂತು. ಕುತ್ತಿಗೆಯ ಮೂಳೆಗೆ ತಾಕದ ಹಾಗೆ ಬೆನ್ನಿನ ಮೇಲುಭಾಗದಲ್ಲಿ ಇಟ್ಟುಕೊಳ್ಳುವುದನ್ನು ಮೇಷ್ಟ್ರು ತೋರಿಸಿದರು, ಅಡ್ಡಕಂಬಿ ಸಿಕ್ಕಿಸಿದರು, ಆಮೇಲೆ ನೇರವಾಗಿ, ಐದು ಸಲ ಮಾಡಿ ಮೇಡಂ ಎಂದರು.

ಹೆಡ್‌ಮಿಸ್ ಐದು ಮಾಡಿ ರಾಡನ್ನು ಸ್ಟ್ಯಾಂಡಿಗೆ ಇಟ್ಟು, ಏಳಲು ಆಗದೆ ಹೋದರೆ ಏನು ಮಾಡಬೇಕು ಎಂದು ಕೇಳಿದರು. ಅಷ್ಟು ಭಾರ ನಾವು ಹಾಕುವುದೇ ಇಲ್ಲವಲ್ಲ ಎಂದರು ಮೇಷ್ಟ್ರು.

"ನಾನು ಕೇಳಿದ್ದು ಅದಲ್ಲ ಮೇಷ್ಟ್ರೇ. ಆಗದೇ ಹೋದ್ರೆ ಏನ್ ಮಾಡ್ಬೇಕು ಅಂದೆ."

ತಾನು ಪಕ್ಕದಲ್ಲೇ ಇರುತ್ತೇನೆ ಎಂದು ಮೇಷ್ಟ್ರು ತೊದಲಿದರು. ಹೆಡ್‌ಮಿಸ್ ನೋಟ್‌ಬುಕ್ ತೆಗೆದು, ಪ್ರಶ್ನೆ ಬರೆದು, ಅದರ ಪಕ್ಕ ಕೆಂಪು ಶಾಯಿಯಲ್ಲಿ 'ಉತ್ತರ ಬಂದಿಲ್ಲ' ಎಂದು ಬರೆದರು. ಬರೆದದ್ದು ಮೇಷ್ಟ್ರಿಗೆ ಕಾಣಲಿ ಎಂದೇ ನೋಟ್‌ಬುಕ್ಕನ್ನು ದೊಡ್ಡಣ್ಣನ ಮೇಲೆ ತೆರೆದಿಟ್ಟು ನೀರು ಕುಡಿಯಲು ಹೋದರು. ಮೇಷ್ಟ್ರು ಆ ಹಾಳೆಯನ್ನು ನೋಡುತ್ತ ನಿಂತರು. ಕಲಿಸಿದರೆ ಸದ್ದು, ಸದ್ದಾದರೆ ಜಾಗ ಹೋಗುತ್ತದೆ, ಜಾಗದ ಜೊತೆ ತನ್ನ ಅನ್ನವೂ ಭಾಮೈದನ ಅನ್ನವೂ. ಕಲಿಸದಿದ್ದರೆ ಒಂದು ದಿನ, ತಾನು ಪಕ್ಕದಲ್ಲಿ ಇಲ್ಲದ ಒಂದೇ ಒಂದು ದಿನ, ಈ ಹೆಂಗಸಿನ ಬೆನ್ನು ಹೋಗುತ್ತದೆ.

ಇದರ ಮಧ್ಯೆ ಭಾಮೈದನಿಗೆ ವಿಡಿಯೋ ಹುಚ್ಚು ಹತ್ತಿತು. ಎದುರು ರಸ್ತೆಯಲ್ಲಿ ಹೊಸ ಜಿಮ್ಮು ಬಂದಿದೆ, ಅವರ ವಿಡಿಯೋಗಳನ್ನು ಸಾವಿರಾರು ಜನ ನೋಡುತ್ತಿದ್ದಾರೆ, ಭಾವ ಒಂದು ಸಲ ರಾಡು ಹಾಕಿಕೊಂಡು ಮಾಡಿ ತೋರಿಸಿದರೆ ಸಾಕು, ಅನುಭವಕ್ಕೆ ಬೆಲೆ ಇದ್ದೇ ಇದೆ ಎಂದು ಬೆನ್ನು ಹತ್ತಿದ. ಮೇಷ್ಟ್ರು ಒಂದು ವಾರ ಮಂಡಿ ನೋವು ಎಂದರು, ಇನ್ನೊಂದು ವಾರ ನೆಗಡಿ ಎಂದರು. ನೆಗಡಿಗೂ ಬಸ್ಕಿಗೂ ಏನು ಸಂಬಂಧ ಎಂದು ಅವನು ಕೇಳಿದ್ದಕ್ಕೆ ಉಸಿರಾಟದ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ದಿನ ದೂಡುತ್ತಿದ್ದರು. ಮೂರನೆಯ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಭಾಮೈದ ಫೋನನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ, ಹೆಡ್‌ಮಿಸ್ಸನ್ನೂ ಇನ್ನು ನಾಲ್ಕು ಜನರನ್ನೂ ಸುತ್ತ ನಿಲ್ಲಿಸಿ, ಆಗಲೇ ಫೋನ್ ಓಡುತ್ತಿದೆ ಭಾವ ಎಂದುಬಿಟ್ಟ.

ಮೇಷ್ಟ್ರು ಅಡ್ಡಕಂಬಿ ಸಿಕ್ಕಿಸಿದರು. ಎರಡು ಬೆರಳು ಅಳೆದರು. ಖಾಲಿ ರಾಡಿನ ಕೆಳಗೆ ಹೆಗಲು ಕೊಟ್ಟರು. ಒಂದು ಇಳಿದರು, ಎದ್ದರು. ಏನೂ ಆಗಲಿಲ್ಲ. ಎರಡು, ಮೂರು, ಐದು. ಸಂತೋಷದಲ್ಲಿ ಅವರ ಮುಖ ಎಷ್ಟು ಅರಳಿತೆಂದರೆ ಹೆಡ್‌ಮಿಸ್ ತಮಗೆ ಗೊತ್ತಿಲ್ಲದೆ ಚಪ್ಪಾಳೆ ತಟ್ಟಿದರು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಖಾಲಿ ರಾಡು ಹಿಡಿದರೆ ನೋಡಿದವರು ಕಸಬರಿಗೆ ಹಿಡಿದಿದ್ದಾರೆ ಅಂದುಕೊಳ್ಳುತ್ತಾರೆ ಎಂದ ಭಾಮೈದ. ಮೇಷ್ಟ್ರು ಹತ್ತು ಕೆಜಿ ಹಾಕಿದರು. ಹೂವಿನ ಹಾಗೆ ಎದ್ದು ಬಂತು. ಇನ್ನೂ ಇಪ್ಪತ್ತು ಹಾಕಿದರು, ಆಮೇಲೆ ಮತ್ತೆ ಇಪ್ಪತ್ತು. ದಿನಕ್ಕೆ ಒಂದೇ ಚಿಕ್ಕ ಪ್ಲೇಟು ಎಂದು ಆರು ವರ್ಷ ಬಾಯಿ ಬಡಿದುಕೊಂಡ ಮನುಷ್ಯ ಹತ್ತು ನಿಮಿಷದಲ್ಲಿ ರಾಡಿನ ಭಾರವೂ ಸೇರಿ ಎಪ್ಪತ್ತು ಕೆಜಿಗೆ ಬಂದು ನಿಂತಿದ್ದರು. ಹೇಳೋದು ಶಾಸ್ತ್ರ, ಹಾಕೋದು ಗಾಳ. ಇಷ್ಟು ಸಾಕು ಮೇಷ್ಟ್ರೇ ಎಂದು ಹೆಡ್‌ಮಿಸ್ ಅಂದದ್ದು ಅವರ ಕಿವಿಗೆ ಬೀಳಲೇ ಇಲ್ಲ. ಎದುರಿನ ಕನ್ನಡಿಯಲ್ಲಿ ಅವರಿಗೆ ಕಾಣುತ್ತಿದ್ದವನು ಇಪ್ಪತ್ತೈದರ ಒಬ್ಬ ಗಂಡು.

ಮೊದಲನೆಯದು ಬಂತು. ಎರಡನೆಯದು ಮೆಲ್ಲಗೆ ಬಂತು. ಮೂರನೆಯದಕ್ಕೆ ಇಳಿದರು, ಅರ್ಧ ಎದ್ದರು, ನಿಂತುಹೋಯಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ತೊಡೆ ಗಡಗಡ ನಡುಗಿತು, ಮುಖ ಕೆಂಪೇರಿತು, ಬೆನ್ನು ಮುಂದಕ್ಕೆ ಬಾಗತೊಡಗಿತು. ಒಂದು ಗೇಣು ಕೆಳಗೆ ಕಂಬಿ ಕಾಯುತ್ತಿತ್ತು. ತಾವೇ ಸಿಕ್ಕಿಸಿದ ಕಂಬಿ. ಇಳಿದರೆ ಮುಗಿಯಿತು. ಆದರೆ ಕೆಳಗೆ ಹಾಸಿಗೆ ಅಂಗಡಿ ಇದೆ, ಎದುರಿಗೆ ಫೋನ್ ಇದೆ, ಸುತ್ತ ಶಿಷ್ಯರಿದ್ದಾರೆ. ಊರಿಗೆಲ್ಲ ಬಿಡುವುದು ಕಲಿಸಿದವರಿಗೆ ಬಿಡಲು ಬರಲಿಲ್ಲ. ಭಾಮೈದ ಏನೂ ತೋಚದೆ, ಬಿಡಬೇಡಿ ಭಾವ, ಬಂತು ಬಂತು ಎಂದು ಹುರಿದುಂಬಿಸತೊಡಗಿದ. ಉಸ್ತಾದರದ್ದೇ ಮಾತು, ಬಾಯಿ ಮಾತ್ರ ಬೇರೆ.

ಆಗ ಹೆಡ್‌ಮಿಸ್ ಮುಂದೆ ಬಂದರು. ಮೂವತ್ತೈದು ವರ್ಷ ಮೈದಾನದ ಆಚೆ ತುದಿಯ ಮಕ್ಕಳನ್ನು ಒಳಗೆ ಕರೆದ ದನಿ ಅದು.

"ಮೇಷ್ಟ್ರೇ, ಬಿಡಿ."

ಮೇಷ್ಟ್ರು ಬಿಟ್ಟರು. ನೇರ ಕೆಳಗಿಳಿದರು, ರಾಡು ಕಂಬಿಗೆ ಅಪ್ಪಳಿಸಿತು, ಅವರು ಮುಂದಕ್ಕೆ ನುಸುಳಿ ನೆಲದ ಮೇಲೆ ಕೈಯೂರಿ ಕೂತರು. ಧಡಾರ್ ಎಂದ ಸದ್ದಿಗೆ ಕಿಟಕಿಯ ಗಾಜು ಒಂದು ಕ್ಷಣ ಹಾಡಿತು. ಬೆನ್ನು ಸರಿಯಾಗಿತ್ತು. ಮೇಷ್ಟ್ರು ಅದನ್ನು ಎರಡು ಸಲ ಮುಟ್ಟಿ ನೋಡಿಕೊಂಡರು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಎಲ್ಲರೂ ಕೆಳಗಿನ ಮೂರು ಧಪ್ಪಿಗೆ ಕಾದರು. ಬರಲಿಲ್ಲ. ಅದರ ಬದಲು ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಆರು ವರ್ಷದಲ್ಲಿ ಮೊದಲ ಬಾರಿ ಹಾಸಿಗೆ ಅಂಗಡಿಯವರು ಮೇಲೆ ಹತ್ತಿ ಬಂದಿದ್ದರು, ಕೋಲಿನ ಸಮೇತ. ಬಾಗಿಲಲ್ಲಿ ಕೋಲೂರಿ ನಿಂತು, ಬೈಯಬೇಕೆಂದು ತಂದಿದ್ದ ಮಾತಿಗೆ ಉಸಿರು ಸಾಲದೆ, ನೆಲದ ಮೇಲೆ ಕೂತು ಅಳುತ್ತಿದ್ದ ದೊಡ್ಡ ಗಂಡಸನ್ನು ನೋಡಿದರು. ಏನಾಯಿತು, ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದರು.

ಹೆಡ್‌ಮಿಸ್ ಅವರನ್ನು ಸ್ಟ್ಯಾಂಡಿನ ಹತ್ತಿರ ಕರೆದು, ಕಂಬಿ ತೋರಿಸಿ, ಒಂದನೇ ತರಗತಿಗೆ ಹೇಳಿದಂತೆ ಹೇಳಿದರು. ಏಳಲಾರದವರು ಭಾರವನ್ನು ಇದಕ್ಕೆ ಒಪ್ಪಿಸುತ್ತಾರೆ, ಒಪ್ಪಿಸದಿದ್ದರೆ ಬೆನ್ನು ಮುರಿಯುತ್ತದೆ, ನಿಮಗೆ ಕೇಳಿಸುವುದು ಇದು. ಅಂಗಡಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಕಂಬಿ ನೋಡಿದರು.

"ಅಂದ್ರೆ ಸದ್ದು ಬಂತು ಅಂದ್ರೆ ಮೇಲೆ ಒಬ್ರು ಬಚಾವಾದ್ರು ಅಂತಾನಾ? ಇಷ್ಟು ವರ್ಷ ನೀವೆಲ್ಲ ಬೇಕಂತಲೇ ಎತ್ತೆತ್ತಿ ಹಾಕ್ತೀರಿ ಅಂದ್ಕೊಂಡಿದ್ದೆ. ಕೆಳಗೆ ಬಂದು ಒಂದು ಮಾತು ಹೇಳೋದಲ್ವಾ?"

ಆರು ವರ್ಷ ಊರಿಗೆಲ್ಲ ಕೆಳಗಿಳಿಯುವುದು ಹೇಗೆಂದು ಹೇಳಿಕೊಟ್ಟ ಮೇಷ್ಟ್ರು ಇಪ್ಪತ್ತೆರಡು ಮೆಟ್ಟಿಲು ಇಳಿದು ಆ ಅಂಗಡಿಯ ಬಾಗಿಲಿಗೆ ಒಂದು ದಿನವೂ ಹೋಗಿರಲಿಲ್ಲ. ಕೋಲಿನ ಸದ್ದಿಗೆ ಅವರು ಮಾಡಿದ್ದಿಷ್ಟೇ, ಮುದುಕನಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದು ಶಿಷ್ಯರ ಮುಂದೆ ಕಣ್ಣು ಮಿಟುಕಿಸಿದ್ದು. ಈಗ ನೆಲದಿಂದ ಎದ್ದು, ತಪ್ಪಾಯಿತು ಯಜಮಾನರೇ ಎಂದರು.

ಅಂಗಡಿಯವರು ದೂರನ್ನು ಹಾಗೆಲ್ಲ ಸುಮ್ಮನೆ ವಾಪಸು ತೆಗೆದುಕೊಳ್ಳುವ ಆಸಾಮಿಯಲ್ಲ. ಸ್ವಲ್ಪ ಹೊತ್ತು ಕೋಲಿನಿಂದ ನೆಲ ಕುಟ್ಟುತ್ತ ಯೋಚಿಸಿದರು. ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ ತಾನು ಅಂಗಡಿ ಮುಚ್ಚಿ ಊಟಕ್ಕೆ ಹೋಗುವುದು, ಬಿಡುವ ಪಾಠವನ್ನೆಲ್ಲ ಆ ಒಂದು ಗಂಟೆಯಲ್ಲಿ ಮುಗಿಸಿಕೊಳ್ಳುವುದಾದರೆ ಒಡೆಯರಿಗೆ ತಾನೇ ಹೇಳುತ್ತೇನೆ ಎಂದರು. ಬೇರೆ ಹೊತ್ತಿನಲ್ಲಿ ನಿಜವಾಗಿಯೂ ಯಾರಾದರೂ ಸಿಕ್ಕಿಕೊಂಡರೆ ಬಿಡಲಿ, ಆದರೆ ಬಿಟ್ಟವರು ಕೆಳಗೆ ಬಂದು ಗಿರಾಕಿಯ ಮುಂದೆ ಮುಖ ತೋರಿಸಿ, ನಾನು ಬದುಕಿದ್ದೇನೆ ಎಂದು ಹೇಳಿ ಹೋಗಬೇಕು. ಭಾಮೈದ ಎರಡೂ ಕೈ ಹಿಡಿದು ಕುಲುಕಿದ. ಹೆಡ್‌ಮಿಸ್ ನೋಟ್‌ಬುಕ್ ತೆರೆದು 'ಉತ್ತರ ಬಂದಿಲ್ಲ' ಎಂಬುದನ್ನು ಹೊಡೆದು ಹಾಕಿದರು.

ಮೇಷ್ಟ್ರು ಮನೆಗೆ ಬರುವ ಹೊತ್ತಿಗೆ ವಿಡಿಯೋ ಅವರಿಗಿಂತ ಮುಂಚೆ ಬಂದಿತ್ತು. ಅವರ ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಆಲ್ಟರ್ ಮಾಡುತ್ತಿದ್ದರು. ಅವರಿಗೆ ಬರುತ್ತಿದ್ದ ಕೆಲಸದಲ್ಲಿ ಅರ್ಧ ಗಂಡನ ಶಿಷ್ಯರ ಪ್ಯಾಂಟುಗಳು, ಎಲ್ಲ ತೊಡೆಯ ಹತ್ತಿರ ಬಿಗಿಯಾಯಿತೆಂದು ಹೊಲಿಗೆ ಬಿಚ್ಚಿಸಲು ಬಂದವು. ಗಂಡನ ಪಾಠ ಹೇಗೆ ನಡೆಯುತ್ತಿದೆ ಎಂದು ಟೇಪು ನೋಡಿಯೇ ಹೇಳಬಲ್ಲವರಾಗಿದ್ದರು. ಜಿಮ್ಮಿಗೆ ಮಾತ್ರ ಒಂದು ದಿನವೂ ಕಾಲಿಟ್ಟವರಲ್ಲ. ಮೇಷ್ಟ್ರು ಒಳಗೆ ಬಂದಾಗ ಅವರು ಯಂತ್ರ ನಿಲ್ಲಿಸಿ ಫೋನ್ ಹಿಡಿದುಕೊಂಡು ಕೂತಿದ್ದರು. ತಮ್ಮ ಕಳಿಸಿದ್ದನ್ನು ಆಗಲೇ ಎರಡು ಸಲ ನೋಡಿದ್ದರು, ಗಂಡನ ಮುಂದೆ ಮೂರನೆಯ ಸಲ ನೋಡಿದರು. ಸಣ್ಣ ಫೋನಿನಿಂದ ಸಣ್ಣ ಧಡಾರ್ ಬಂತು.

ಮೇಷ್ಟ್ರು ಏನೋ ಹೇಳಬೇಕೆಂದು, ಆವತ್ತೂ ಹೀಗೇ ಬಿಟ್ಟಿದ್ದರೆ ಆಗುತ್ತಿತ್ತು, ಆದರೆ ಬಿಡು ಅನ್ನುವವರು ಆವತ್ತು ಒಬ್ಬರೂ ಇರಲಿಲ್ಲ ನೋಡು ಎಂದರು.

ಹೆಂಡತಿ ಫೋನನ್ನು ಪ್ಯಾಂಟಿನ ಬಟ್ಟೆಯ ಮೇಲೆ ಕವುಚಿಟ್ಟರು.

"ನಾನಿದ್ದೆ. ಮೂರನೇ ಸಾಲಲ್ಲಿ ಎದ್ದು ನಿಂತ್ಕೊಂಡು ಬಿಡ್ರಿ, ಬಿಡ್ರಿ ಅಂತ ಕೂಗ್ದೆ. ಅಷ್ಟು ಜನರ ಮಧ್ಯೆ, ಹೊಸ ಮದುಮಗಳು. ನಿಮಗೆ ಕೇಳಿಸ್ಲಿಲ್ಲ."

ಮೇಷ್ಟ್ರು ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತರು. ಯಾರ ಕುಂಡೆ ಯಾವ ಸ್ಟೂಲಿಗೆ ಎಷ್ಟು ತಾಕಿತೆಂದು ಕಣ್ಣು ಮುಚ್ಚಿ ಹೇಳುವ ಕಿವಿ ಅವರದ್ದು. ಆ ಕಿವಿಗೆ ಆವತ್ತು ಉಸ್ತಾದರ ಕೂಗು ಕೇಳಿತ್ತು, ಹೆಂಡತಿಯದ್ದು ಕೇಳಿರಲಿಲ್ಲ. ಮೂರು ತಿಂಗಳು ಹಲಗೆಯ ಮೇಲೆ ಮಲಗಿದ್ದಾಗಲೂ ಅವರು ಆಕೆಯನ್ನು, ನೀನು ಆವತ್ತು ಅಲ್ಲಿ ಕೂತು ಏನು ಮಾಡಿದೆ ಎಂದು ಒಂದು ಮಾತು ಕೇಳಿರಲಿಲ್ಲ. ಆಮೇಲಿನ ಇಪ್ಪತ್ತೇಳು ವರ್ಷದಲ್ಲೂ ಕೇಳಲಿಲ್ಲ. ನಾಚಿಕೆಯಿಂದ ಅವರಿಗೆ ತಲೆ ಎತ್ತಲಾಗಲಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರು. ನೀವು ಬೈಕಿಂದ ಬಿದ್ದೆ ಅಂತಿದ್ರಲ್ಲ, ನಾನು ಬೈಕ್ ಹತ್ತಿರ ಇರಲಿಲ್ಲ ಎಂದು ಹೆಂಡತಿ ಮತ್ತೆ ಯಂತ್ರ ತುಳಿಯತೊಡಗಿದರು.

ಮರುವಾರ ಮಧ್ಯಾಹ್ನ ಒಂದೂವರೆಗೆ ಹಾಸಿಗೆ ಅಂಗಡಿಯ ಶಟರ್ ಇಳಿದ ಸದ್ದಾಯಿತು. ಹೆಡ್‌ಮಿಸ್ ರಾಡಿನ ಕೆಳಗೆ ಹೋಗಿ ಹತ್ತು ಸಲ ಧಡಾರ್ ಎನಿಸಿದರು, ಪ್ರತಿಯೊಂದಕ್ಕೂ ಹಬ್ಬದಂಥ ಮುಖ ಮಾಡಿಕೊಂಡು. ಹತ್ತನೆಯದು ಮುಗಿಯುವಾಗ ಬಾಗಿಲಲ್ಲಿ ಮೇಷ್ಟ್ರ ಹೆಂಡತಿ ನಿಂತಿದ್ದರು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು, ತೆಗೆಯುವುದು ಮರೆತಿರಬೇಕು. ಯಂತ್ರದ ಮುಂದೆ ಕೂತು ಕೂತು ಏಳುವಾಗ ಕೈಗೆ ಏನಾದರೂ ಬೇಕಾಗುತ್ತದೆ ಈಚೆಗೆ ಎಂದರು, ಗಂಡನಿಗಲ್ಲ, ಹೆಡ್‌ಮಿಸ್ಸಿಗೆ.

ಮೇಷ್ಟ್ರು ದೊಡ್ಡಣ್ಣನನ್ನು ಎಳೆದು ತಂದು, ಅಲ್ಲಾಡುತ್ತದೆಯೇ ಎಂದು ನೋಡಿ, ಮ್ಯಾಟಿನ ಮೇಲೆ ಸರಿಯಾಗಿ ಕೂರಿಸಿದರು. ಪಾದ ಎಷ್ಟು ಅಗಲ, ಬೆರಳು ಯಾವ ಕಡೆ, ಉಸಿರು ಯಾವಾಗ ಎಂದು ಎಲ್ಲರಿಗೆ ಹೇಳುವುದನ್ನೇ ಹೇಳಿದರು. ಆಮೇಲೆ ಎಂದಿನಂತೆ ಕಣ್ಣು ಮುಚ್ಚಿ ನಿಂತರು. ಹೆಂಡತಿ ಉಸಿರು ತೆಗೆದುಕೊಂಡು ಇಳಿದರು. ಅರ್ಧ ದಾರಿಯವರೆಗೆ ಚೆನ್ನಾಗಿಯೇ ಇಳಿದರು, ಆಮೇಲೆ ತೊಡೆ ಕೈಕೊಟ್ಟಿತು, ಧೊಪ್ಪೆಂದು ಕೂತರು.

"ಒಂದು" ಎಂದರು ಮೇಷ್ಟ್ರು.

ಹೆಡ್‌ಮಿಸ್ ನೋಟ್‌ಬುಕ್ಕಿನಿಂದ ತಲೆಯೆತ್ತಿದರು. ನಿಯಮ ಎಂದರೆ ನಿಯಮ, ಅದರಲ್ಲಿ ಅವರದ್ದು ಯಾವತ್ತೂ ಕಟ್ಟುನಿಟ್ಟು.

"ಮೇಷ್ಟ್ರೇ, ಸದ್ದು ಬಂತಲ್ಲ."

"ಕೇಳಿಸ್ತು ಮೇಡಂ" ಎಂದು ಮೇಷ್ಟ್ರು ಕಣ್ಣು ಬಿಡದೆ ಎರಡನೆಯದಕ್ಕೆ ಕಾದು ನಿಂತರು.